ಐದು ರೂಪಾಯಿ ಕಾಳಿಂಗ

ಮೊದಲ ಫೋಟೋ ನೋಡಿದ್ರಾ? ನಮ್ಮ ಅಜ್ಜನ ಆಲ್ಬಂನಲ್ಲಿರೋ ಅಂಚೆಚೀಟಿ. 2003ರಲ್ಲಿ ಅಂಚೆ ಇಲಾಖೆ ಹಾವುಗಳ ಮೇಲೆ ನಾಲ್ಕು ಚೀಟಿ ತಂದಿತ್ತು. ಅದರಲ್ಲಿ ಇದೊಂದು: ಕಾಳಿಂಗ ಸರ್ಪ. ಮುಖಬೆಲೆ 5 ರೂಪಾಯಿ. ಚಿಕ್ಕವನಿದ್ದಾಗ ಬೆರಳಿಂದ ಸವರ್ತಿದ್ದೆ, ಭಯಾನೇ ಇರಲಿಲ್ಲ.

ಹೋದ ಮಳೆಗಾಲ, ಕೋಗಿಲಬನದ ನಮ್ಮ ಮನೆ ಹಿಂದೆ, ಕಟ್ಟಿಗೆ ರಾಶಿ ಪಕ್ಕ ಅದೇ ಹಾವು ಹೆಡೆ ಎತ್ತಿತ್ತು. ಮೊದಲು ದೊಣ್ಣೆ ಹಿಡಿದವನು ನಾನೇ. ಅಜ್ಜ ನನ್ನ ಕೈ ಹಿಡಿದು, "ಬ್ಯಾಡೋ ತಮ್ಮಾ, ಹಿಂದಕ್ಕೆ ಬಾ" ಅಂದ್ರು. ಅರಣ್ಯ ಇಲಾಖೆಗೆ ಫೋನ್ ಮಾಡಿ ದೂರ ನಿಂತ್ವಿ. ಅವರು ಬಂದು ಹಿಡಿದು ಕಾಡಿಗೆ ಬಿಟ್ರು.

ಆಮೇಲೆ ಓದ್ತಾ ಹೋದೆ. ಜಗತ್ತಿನ ಅತಿ ಉದ್ದದ ವಿಷದ ಹಾವು ಇದು. ಹೆಚ್ಚಾಗಿ ತಿನ್ನೋದು ಬೇರೆ ಹಾವುಗಳನ್ನೇ, ನಾಗರ ಕೂಡ. ಹೆಣ್ಣು ಹಾವು ಒಣ ಎಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ ಗುರುತಿಸಿದ್ರು. ಇಟ್ಟ ಹೆಸರು 'ಒಫಿಯೋಫೇಗಸ್ ಕಾಳಿಂಗ'. ನಮ್ಮ ಅಜ್ಜ ಕರೆಯೋ ಹೆಸರೇ!

ಹಾಗಂತ ಹತ್ರ ಹೋಗಬೇಡಿ, ಸೆಲ್ಫಿ ಅಂತೂ ಬೇಡವೇ ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗೋ ವಿಷನಿರೋಧಕ ತಯಾರಾಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಕಾಳಿಂಗಕ್ಕಲ್ಲ.

ಬಿಕಾಂನಲ್ಲಿ ಮುಖಬೆಲೆ ಬೇರೆ, ನಿಜವಾದ ಬೆಲೆ ಬೇರೆ ಅಂತ ಕಲ್ತಿದೀವಲ್ಲ? ಅವತ್ತು ನಾನು ದೊಣ್ಣೆ ಬೀಸಿದ್ರೆ ಆ ನಷ್ಟ ಯಾವ ಖಾತೆಗೆ ಬರೀತಿದ್ದೆ?

ನಿಮ್ಮ ಹಿತ್ತಲಿಗೆ ಬಂದ್ರೆ ಏನ್ ಮಾಡ್ತೀರಿ? ಕಮೆಂಟಲ್ಲಿ ನಿಜ ಹೇಳಿ.