ಇರುವುದು ಬೇರೆ, ನಿಂತುಬಿಡುವುದು ಬೇರೆ

ಹುಬ್ಬಳ್ಳಿಯಿಂದ ಧಾರವಾಡದತ್ತ ಹೊರಟರೆ ದಾರಿಯಲ್ಲಿ ಅಮರಗೋಳ ಸಿಗುತ್ತದೆ. ಸುತ್ತಲಿನ ರೈತರಿಗೆ ಈ ಹೆಸರು ಚಿರಪರಿಚಿತ. ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲವಾದ ಪ್ರಾಂಗಣ ಇರುವುದು ಇಲ್ಲಿಯೇ. ಉಳ್ಳಾಗಡ್ಡಿ, ಹತ್ತಿ, ಒಣಮೆಣಸಿನಕಾಯಿ ತುಂಬಿದ ವಾಹನಗಳು ಬಂದು ಹೋಗುವ ಈ ಊರಿಗೆ ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ಸಂಜೆ ಕುಟುಂಬ ಭೇಟಿಗೆಂದು ಹೋಗಿದ್ದೆ. ಮರಳುವಾಗ ಆ ಮನೆಯ ಯಜಮಾನ ಬಸ್ ನಿಲ್ದಾಣದವರೆಗೆ ನನ್ನ ಜೊತೆಗೆ ನಡೆದು ಬಂದರು. ಅವರು ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು.

“ಫಾದರ್, ಹದಿನೆಂಟು ವರ್ಷ ಆತ್ರಿ. ಅದ ಕುರ್ಚಿ, ಅದ ಪುಸ್ತಕ. ಬೆಂಗಳೂರಾಗ ಒಂದು ಗೋದಾಮಿನ ಕೆಲಸ ಐತಿ ಅಂತ ಕರದಾರ. ಹೋಗಿಬಿಡ್ಲೇನ್ರಿ?” ಎಂದು ಕೇಳಿದರು.

ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಹತ್ತನೆಯ ತರಗತಿಗೆ ಕಾಲಿಡಲಿರುವ ಮಗಳು. ಹೋದರೆ ಇವರನ್ನು ಬಿಟ್ಟು ಹೋಗಬೇಕು. ಹೋಗದಿದ್ದರೆ ಅದೇ ಕುರ್ಚಿ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡಲು ಧೈರ್ಯವಾಗಲಿಲ್ಲ ಎಂಬುದೇ ನಿಜ.

ಏಕೆಂದರೆ ಇದೇ ಪ್ರಶ್ನೆಯನ್ನು ಬಹಳ ಹಿಂದೆ, ಬೇರೊಂದು ಊರಿನಲ್ಲಿ, ಮುದ್ರಣಾಲಯದ ಕೆಲಸಗಾರನಾಗಿದ್ದ ಒಬ್ಬ ಯುವಕ ನನಗೆ ಕೇಳಿದ್ದ. ಆಗ ನಾನು, “ಇದ್ದುದರಲ್ಲಿ ತೃಪ್ತಿಪಡು, ದೇವರು ನೋಡಿಕೊಳ್ಳುತ್ತಾನೆ” ಎಂದು ಹೇಳಿ ಕಳುಹಿಸಿದ್ದೆ. ಆತ ನನ್ನ ಮಾತಿಗೆ ಬೆಲೆ ಕೊಟ್ಟು ಆರು ವರ್ಷ ಅಲ್ಲಿಯೇ ಇದ್ದ. ಅಷ್ಟರಲ್ಲಿ ಅಚ್ಚುಮೊಳೆಯ ಕಾಲ ಮುಗಿದು ಕಂಪ್ಯೂಟರ್ ಬಂತು. ಮಾಲೀಕರು ಅದನ್ನು ಬಲ್ಲ ಹೊಸಬರನ್ನು ತೆಗೆದುಕೊಂಡರು; ಇವನನ್ನು ಮನೆಗೆ ಕಳುಹಿಸಿದರು. ಕೊನೆಯ ಬಾರಿ ಭೇಟಿಯಾದಾಗ ಆತ ನನ್ನನ್ನು ದೂರಲಿಲ್ಲ. “ನೀವು ಹೇಳಿದ್ರಿ ಅಂತ ಇದ್ದೆ ಫಾದರ್” ಎಂದಷ್ಟೇ ಹೇಳಿದ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಇರು ಎಂದು ಹೇಳಿದೆನೇ ಹೊರತು, ಹೇಗೆ ಇರಬೇಕೆಂದು ನಾನು ಹೇಳಿರಲಿಲ್ಲ.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳುತ್ತೇನೆ. ಅವನಿಗೆ ತೃಪ್ತಿಯನ್ನು ಬೋಧಿಸಿದ ದಿನಗಳಲ್ಲಿ ನನಗೇ ತೃಪ್ತಿ ಇರಲಿಲ್ಲ. ನಾನು ಒಂದು ವಿದ್ಯಾರ್ಥಿ ನಿಲಯದ ಮೇಲ್ವಿಚಾರಕನಾಗಿ ವರ್ಷಗಟ್ಟಲೆ ಅಕ್ಕಿ, ಬೇಳೆಯ ಲೆಕ್ಕ ಬರೆಯುತ್ತಿದ್ದೆ. ಗುರುಮಠದಲ್ಲಿ ನನ್ನ ಜೊತೆಗೆ ಓದಿದವರು ಉನ್ನತ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೋಗಿದ್ದರು. ಅವರ ಪತ್ರಗಳು ಬಂದಾಗ ಓದಲು ಮನಸ್ಸಾಗುತ್ತಿರಲಿಲ್ಲ. ಸ್ಥಾನ ಬದಲಾದರೆ ಮಾತ್ರ ಬೆಳವಣಿಗೆ ಎಂಬ ಭ್ರಮೆ ನನ್ನಲ್ಲಿಯೂ ಬೇರೂರಿತ್ತು.

ಈ ಭ್ರಮೆಯನ್ನು ಕಳೆಯುವ ಒಂದು ಜೀವನ ನಮ್ಮ ನೆರೆಯ ಜಿಲ್ಲೆಯಲ್ಲಿಯೇ ಇತ್ತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೀವೆಲ್ಲ ಬಲ್ಲಿರಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಬಡ ಮನೆಯಲ್ಲಿ ಹುಟ್ಟಿದವರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯೊಂದಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ದಿನಗೂಲಿಗೆ ಹೋದರು. ಬೀಜ ಆಯುವುದು, ಮಡಿಗೆ ಮಣ್ಣು ಹಾಕುವುದು, ಸಸಿಗಳಿಗೆ ನೀರುಣಿಸುವುದು ಅವರ ಕೆಲಸ. ದಶಕಗಳ ಕಾಲ ಕೆಲಸ ಬದಲಾಗಲಿಲ್ಲ. ಆದರೆ ಅದನ್ನು ಮಾಡುವ ತುಳಸಿಯವರು ಬದಲಾಗುತ್ತಲೇ ಹೋದರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯಬೇಕು, ಯಾವ ಬೀಜ ಹೇಗೆ ಮೊಳೆಯುತ್ತದೆ ಎಂಬುದನ್ನೆಲ್ಲ ಕಣ್ಣು, ಕೈಗಳಿಂದಲೇ ಕಲಿತರು. ಕೊನೆಗೆ ಕಾಡಿನ ವಿಶ್ವಕೋಶ ಎಂದು ಜನ ಅವರನ್ನು ಕರೆದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಲು ಅವರು ಬರಿಗಾಲಿನಲ್ಲಿಯೇ ನಡೆದು ಹೋದರು. 2024ರ ಡಿಸೆಂಬರ್ 16ರಂದು ತಮ್ಮ ಊರಿನಲ್ಲಿಯೇ ಕಣ್ಣುಮುಚ್ಚಿದರು.

ಆದರೆ ಅವರ ಕಥೆಯಲ್ಲಿ ನಾವು ಮರೆಯಬಾರದ ಮತ್ತೊಂದು ಸಂಗತಿ ಇದೆ. ಅವರ ನೌಕರಿ ಕಾಯಂ ಆದದ್ದು ಮೂವತ್ತಕ್ಕೂ ಹೆಚ್ಚು ವರ್ಷ ದಿನಗೂಲಿ ಮಾಡಿದ ಮೇಲೆ. ಬೆಳೆಯುವುದು ಕೆಲಸಗಾರನ ಕರ್ತವ್ಯವಾದರೆ, ಆ ಬೆಳವಣಿಗೆಯನ್ನು ಸಕಾಲದಲ್ಲಿ ಗುರುತಿಸುವುದು ಕೆಲಸ ಕೊಟ್ಟವರ ಕರ್ತವ್ಯ.

ಮತ್ತೆ ಅಮರಗೋಳದ ಆ ಸಂಜೆಗೆ ಬರುತ್ತೇನೆ. ನಿಲ್ದಾಣದಲ್ಲಿ ಕುಳಿತು ನಾನು ಅವರಿಗೆ ಮೂರು ಪ್ರಶ್ನೆ ಕೇಳಿದೆ. ಹೋದ ವರ್ಷ ಗೊತ್ತಿಲ್ಲದ ಯಾವುದು ಈ ವರ್ಷ ನಿಮಗೆ ಗೊತ್ತಿದೆ? ನಿಮ್ಮ ಅಂಗಡಿಯಲ್ಲಿ ನೀವು ದೂರವೇ ಉಳಿದ ಕೆಲಸ ಯಾವುದು? ನಿಮಗೆ ಗೊತ್ತಿರುವುದು ನಿಮ್ಮ ಮಾಲೀಕರಿಗೆ ಗೊತ್ತಿದೆಯೇ?

ಮೊದಲನೆಯದಕ್ಕೆ ಅವರು ಸುಮ್ಮನಾದರು. ಎರಡನೆಯದಕ್ಕೆ ಉತ್ತರ ಬೇಗ ಬಂತು: ಕಂಪ್ಯೂಟರ್. ಹಿಂದೆ ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು. 2014ರಲ್ಲಿ ನಮ್ಮ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಮೇಲೆ ದರ ನಮೂದಿಸುವುದು ಕಂಪ್ಯೂಟರ್‌ಗೆ ಬಂತು. ಅದನ್ನು ನೋಡಿಕೊಳ್ಳಲು ಅಂಗಡಿಗೆ ಒಬ್ಬ ಹುಡುಗ ಬಂದಿದ್ದ. ಇವರು ಅದರ ಹತ್ತಿರವೂ ಸುಳಿದಿರಲಿಲ್ಲ. ಆದರೆ ಆ ಹುಡುಗನಿಗೆ ತಿಳಿಯದ ವಿದ್ಯೆಯೊಂದು ಇವರಲ್ಲಿತ್ತು. ಒಣಮೆಣಸಿನಕಾಯಿಯನ್ನು ಅಂಗೈಯಲ್ಲಿ ಹಿಡಿದು ಅದರಲ್ಲಿ ತೇವವೆಷ್ಟಿದೆ, ಯಾವ ದರ್ಜೆಯ ಮಾಲು ಎಂದು ಹೇಳಬಲ್ಲವರಾಗಿದ್ದರು. ಹದಿನೆಂಟು ವರ್ಷದ ಈ ಗಳಿಕೆಗೆ ಗೋದಾಮಿನಲ್ಲಿ ಬೆಲೆ ಇರುತ್ತಿರಲಿಲ್ಲ.

ಅವರು ಹೋಗಲಿಲ್ಲ. ಅಂಗಡಿ ಮುಚ್ಚಿದ ಮೇಲೆ ದಿನವೂ ಅರ್ಧ ಗಂಟೆ ಆ ಹುಡುಗನ ಪಕ್ಕದಲ್ಲಿ ಕುಳಿತರು. ಅವನು ಇವರಿಗೆ ಕಂಪ್ಯೂಟರ್ ಕಲಿಸಿದ; ಇವರು ಅವನಿಗೆ ಮಾಲು ನೋಡುವುದನ್ನು ಕಲಿಸಿದರು. ಬಂದ ಮಾಲು, ಅದರ ಗುಣ, ಸಿಕ್ಕ ದರ, ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡತೊಡಗಿದರು. ಕ್ರಮೇಣ ರೈತರು ಮಾಲು ತರುವ ಮೊದಲು ಇವರನ್ನು ಕೇಳುವಂತಾಯಿತು. ಒಂದು ವರ್ಷದ ನಂತರ ಆ ಪುಸ್ತಕವನ್ನು ಮಾಲೀಕರ ಮುಂದಿಟ್ಟು ಸಂಬಳ ಹೆಚ್ಚಿಸಲು ಕೇಳಿದರು. ಮೊದಲ ಸಲ ನಿರಾಕರಣೆಯೇ ದೊರೆಯಿತು. ಮರು ವರ್ಷ ಬೇರೊಂದು ಅಂಗಡಿಯವರು ಕರೆದಾಗ ಮಾಲೀಕರು ತಾವಾಗಿಯೇ ಹೆಚ್ಚಿಸಿದರು. ಅದು ಬೆಂಗಳೂರಿನ ಸಂಬಳಕ್ಕೆ ಸಮನಲ್ಲ. ಆದರೆ ಆ ವರ್ಷವೇ ಅವರ ತಾಯಿ ತೀರಿಕೊಂಡರು. ಮಗನ ಕೈಯಿಂದ ಕೊನೆಯ ಗುಟುಕು ನೀರು ಕುಡಿದು ಹೋದರು. “ಇದಕ್ಕ ಬೆಲೆ ಕಟ್ಟಾಕ ಆಗೂದಿಲ್ಲ ಫಾದರ್” ಎಂದು ಶವಸಂಸ್ಕಾರದ ದಿನ ಅವರು ನನ್ನ ಕೈ ಹಿಡಿದುಕೊಂಡರು.

ಹಾಗೆಂದು ಎಲ್ಲರೂ ಇದ್ದಲ್ಲಿಯೇ ಇರಬೇಕೆಂದು ನಾನು ಹೇಳುವುದಿಲ್ಲ. ದುಡಿಮೆಗೆ ತಕ್ಕ ಕೂಲಿ ಕೊಡದ, ಮಾನ ಕಳೆಯುವ, ಕಲಿಯಲು ಬಿಡದ ಜಾಗವನ್ನು ತೊರೆಯುವುದು ತಪ್ಪಲ್ಲ. ಅಂಥಲ್ಲಿ ತಾಳ್ಮೆಯನ್ನು ಬೋಧಿಸುವುದು ಅನ್ಯಾಯಕ್ಕೆ ನೆರವಾದಂತೆ. ಆದರೆ ಹೊರಡುವ ಮೊದಲು ಒಮ್ಮೆ ಕೇಳಿಕೊಳ್ಳೋಣ: ಕೆಲಸ ನಮ್ಮನ್ನು ಬೆಳೆಯಗೊಡುತ್ತಿಲ್ಲವೋ, ನಾವೇ ಬೆಳೆಯುವುದನ್ನು ನಿಲ್ಲಿಸಿದ್ದೇವೋ? ಎರಡನೆಯದು ನಿಜವಾದರೆ, ಹೊಸ ಊರಿಗೂ ಹಳೆಯ ಮನುಷ್ಯನೇ ಹೋಗುತ್ತಾನೆ.

ಪ್ರಿಯ ಓದುಗರೇ, ಅವರಿಗೆ ಕೇಳಿದ ಮೊದಲ ಪ್ರಶ್ನೆಯನ್ನು ನನಗೂ ಕೇಳಿಕೊಳ್ಳದೆ ವಿಧಿಯಿರಲಿಲ್ಲ. ಐವತ್ತು ದಾಟಿದ ಮೇಲೆ ಲಂಬಾಣಿ ಮಾತು ಕಲಿಯಲು ಆರಂಭಿಸಿದ್ದೇನೆ. ನನ್ನ ಉಚ್ಚಾರಣೆ ಕೇಳಿ ಮಕ್ಕಳು ನಗುತ್ತಾರೆ. ಆದರೆ ಮೊನ್ನೆ ತಾಂಡಾದ ಒಬ್ಬ ಅಜ್ಜಿ ತನ್ನ ಸಂಕಟವನ್ನು ತನ್ನದೇ ಮಾತಿನಲ್ಲಿ ನನಗೆ ಹೇಳಿಕೊಂಡಳು. ನಾನು ಅರ್ಧದಷ್ಟು ಅರ್ಥಮಾಡಿಕೊಂಡೆ. ಉಳಿದರ್ಧವನ್ನು ಬರುವ ವರ್ಷದೊಳಗೆ ಕಲಿಯಬೇಕು.