ಫ್ಲೈಟಿಲ್ಲದೆ ದೇವನಹಳ್ಳಿಗೆ

ದೇವನಹಳ್ಳಿಗೆ ಹೊರಟಿದ್ದೇನೆ ಅಂದರೆ ಬೆಂಗಳೂರಿನಲ್ಲಿ ಯಾರಾದರೂ ಕೇಳುವುದು ಒಂದೇ: ‘ಎಲ್ಲಿಗೆ ಫ್ಲೈಟು?’ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದಂದಿನಿಂದ ಆ ಊರಿಗೆ ಇದೇ ಗತಿ. ನನಗೆ ಫ್ಲೈಟಿರಲಿಲ್ಲ. ಚಿಕ್ಕಬಳ್ಳಾಪುರದ ಕಡೆಯ ರೈಲು ಹತ್ತಿದೆ. ನೂರು ವರ್ಷಕ್ಕೂ ಹಿಂದೆ ನ್ಯಾರೋಗೇಜಿನ ಪುಟ್ಟ ರೈಲಿಗೆಂದು ಹಾಕಿದ ದಾರಿ ಇದು. ಹಳಿ ಅಗಲವಾಗಿದೆ, ಅವಸರ ಮಾತ್ರ ಇನ್ನೂ ಬಂದಿಲ್ಲ. ಏರ್‌ಪೋರ್ಟ್ ಹಾಲ್ಟಿನಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಇಳಿದರು. ದೇವನಹಳ್ಳಿಯಲ್ಲಿ ಇಳಿದವರು ಚೀಲ, ಬುಟ್ಟಿ ಹಿಡಿದವರು.

ಇಲ್ಲಿ ಕೋಟೆಯನ್ನು ಹುಡುಕಬೇಕಾಗಿಲ್ಲ, ಊರೇ ಅದರೊಳಗೆ ಹೊಕ್ಕಿದೆ. ಗೋಡೆಯ ಪಕ್ಕ ಬಟ್ಟೆ ಒಣಗಿವೆ, ಬುರುಜಿನ ನೆರಳಲ್ಲಿ ಸ್ಕೂಟರು ನಿಂತಿವೆ. 1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಇದಕ್ಕೆ ಮುತ್ತಿಗೆ ಹಾಕಿದಾಗ ಆ ಪಡೆಯಲ್ಲಿ ಇನ್ನೂ ಹೆಸರು ಮಾಡದ ಸೈನಿಕನೊಬ್ಬನಿದ್ದ. ಆ ಕಾಳಗದಲ್ಲಿ ತೋರಿದ ಎದೆಗಾರಿಕೆಯೇ ಅವನನ್ನು ಮೇಲಕ್ಕೆತ್ತಿತು. ಅವನೇ ಹೈದರ್ ಅಲಿ. ಮುಂದೆ ಇದೇ ಕೋಟೆಯನ್ನು ಅವನು ಕಲ್ಲಿನಲ್ಲಿ ಕಟ್ಟಿಸಿದ. ಟಿಪ್ಪು ಹುಟ್ಟಿದ್ದೂ ಇದೇ ಊರಲ್ಲಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದನ್ನು ವಶಮಾಡಿಕೊಂಡಿತು. ಅರ್ಧಚಂದ್ರಾಕಾರದ ಹನ್ನೆರಡು ಬುರುಜುಗಳಿವೆ ಎಂದು ಪುಸ್ತಕಗಳು ಹೇಳುತ್ತವೆ. ಎಣಿಸುತ್ತ ಹೊರಟ ನನಗೆ ಅಲ್ಲಲ್ಲಿ ಮುಳ್ಳುಕಂಟಿ ಅಡ್ಡ ಬಂದಿತು. ಲೆಕ್ಕ ಪುಸ್ತಕಕ್ಕೇ ಬಿಟ್ಟೆ.

ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ಗುಡಿಯ ಹೊರಗೋಡೆಯ ಮುಂದೆ ಮಾತ್ರ ಹೊತ್ತು ಹೋದದ್ದು ತಿಳಿಯಲಿಲ್ಲ. ರಾಮಾಯಣದ ಪ್ರಸಂಗಗಳು ಮತ್ತು ಕೃಷ್ಣನ ಬಾಲಲೀಲೆಗಳು ಸಾಲಾಗಿ ಕಲ್ಲಿನಲ್ಲಿವೆ. ಬೇಲೂರಿನ ನಾಜೂಕು ಇಲ್ಲಿ ಹುಡುಕಬಾರದು. ಇದು ಕಥೆ ಹೇಳುವ ಶಿಲ್ಪ, ಅಜ್ಜಿ ಮೊಮ್ಮಗನ ಕೈ ಹಿಡಿದು ತೋರಿಸುತ್ತ ಸುತ್ತು ಬರಲೆಂದೇ ಕೆತ್ತಿದ ಹಾಗಿದೆ. ಟಿಪ್ಪು ಹುಟ್ಟಿದ ಜಾಗ ಇಲ್ಲಿಂದ ದೂರವಿಲ್ಲ. ಆಳೆತ್ತರದ ಸಣ್ಣ ಕಲ್ಲಿನ ಕಟ್ಟೆ, ನಾಲ್ಕು ಕಂಬ, ಒಂದು ಫಲಕ, ಅಷ್ಟೇ. ಅವನ ಹೆಸರಿನಲ್ಲಿ ನಾಡಿನಲ್ಲೆಲ್ಲ ನಡೆಯುವ ಜಗಳದ ಸದ್ದು ಇಲ್ಲಿಗೆ ಕೇಳಿಸುವುದಿಲ್ಲ. ನಾನು ಹೋದಾಗ ಇದ್ದದ್ದು ಒಂದು ಮೇಕೆ ಮತ್ತು ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗ.

ಊರಿಗೆ ಬಂದು ಚಕ್ಕೋತ ತಿನ್ನದೆ ಹೋಗುವುದುಂಟೆ? ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಇದು. ರಸ್ತೆ ಬದಿಯ ಹೆಂಗಸು ದಪ್ಪ ಸಿಪ್ಪೆ ಸೀಳಿ, ಕೆಂಪು ತೊಳೆ ಬಿಡಿಸಿ, ಉಪ್ಪು ಖಾರ ಉದುರಿಸಿ ಕೊಟ್ಟಳು. ‘ತ್ವಾಟಗಳೆಲ್ಲಾ ಸೈಟಾಗೋದ್ವು ಸಾ, ಈಗ ಯಾರ ಹಿತ್ಲಾಗಾದ್ರೂ ಒಂದೋ ಎರಡೋ ಮರ ಇದ್ರೆ ಅದೇ ಜಾಸ್ತಿ’ ಅಂದಳು. ಹುಳಿ, ಸಿಹಿ, ಹಿಂದೆಯೇ ತುಸು ಕಹಿ. ಕಿತ್ತಳೆಯ ಮೇಲೆ ನನಗಿದ್ದ ಗೌರವ ಅಂದಿಗೆ ಕಡಿಮೆಯಾಯಿತು.

ಅಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಕೆಲವೇ ಮೈಲಿ ಹೋದರೆ ಆವತಿ. ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ರಣಬೈರೇಗೌಡ ಮತ್ತು ಅವನ ತಮ್ಮಂದಿರು ನೆಲೆ ನಿಂತ ಊರು ಎಂಬ ಕಥೆ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಯಲಹಂಕ ನಾಡಪ್ರಭುಗಳೂ ಇದೇ ಮೂಲದವರು. ಆ ವಂಶದ ಕೆಂಪೇಗೌಡ 1537ರಲ್ಲಿ ಬೆಂಗಳೂರು ಕಟ್ಟಿದ. ವಿಮಾನ ನಿಲ್ದಾಣಕ್ಕೆ ಅವನ ಹೆಸರಿಟ್ಟಿದ್ದಾರೆ, 2022ರ ನವೆಂಬರಿನಲ್ಲಿ 108 ಅಡಿಯ ಕಂಚಿನ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಆವತಿಯ ಬೆಟ್ಟ ಹತ್ತಿ ತಿಮ್ಮರಾಯಸ್ವಾಮಿ ಗುಡಿಯ ಮುಂದೆ ಕೂತವನು ಅವತ್ತು ನಾನೊಬ್ಬನೇ. ಪ್ರತಿಮೆಗೆ ಹಾಕಿದ ದುಡ್ಡಿನ ಚೂರು ಈ ಊರಿನ ಕಡೆ ಹರಿದಿದ್ದರೆ ಗೌಡರ ವಂಶಕ್ಕೆ ಅವಮಾನವೇನೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಆಟೋ ಹಿಡಿದು ನಲ್ಲೂರಿಗೆ ಹೊರಟೆ. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಚೆಂಡುಹೂವಿನ ಹೊಲ, ಬದುವಿನ ಮೇಲೆ ಕತ್ತಾಳೆ. ಇದಕ್ಕಿಂತ ಅಪ್ಪಟ ಬಯಲುಸೀಮೆ ಬೇರೆ ಬೇಕೆ ಅನ್ನಿಸುತ್ತದೆ. ಆದರೆ ಚೆಂಡುಹೂವೂ ಕತ್ತಾಳೆಯೂ ಮೆಕ್ಸಿಕೋ ನಾಡಿನಿಂದ ಕಡಲು ದಾಟಿ ಬಂದವು. ಪಾಸ್‌ಪೋರ್ಟಿಲ್ಲದೆ ಬಂದು ಇಲ್ಲಿಯ ಒಕ್ಕಲಾದವು.

ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಐವತ್ತು ಎಕರೆಗೂ ಮಿಕ್ಕ ಜಾಗದಲ್ಲಿ ಮುನ್ನೂರರಷ್ಟು ಮರಗಳಿವೆ. ಚೋಳರ ಕಾಲದವು ಅನ್ನುತ್ತಾರೆ ಊರವರು. ನಾನೂರು ವರ್ಷದ ಮಾತಂತೂ ಮರ ನೋಡಿದರೆ ನಂಬಬೇಕು. ಕಾಂಡಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿವೆ. ಒಂದು ಮರ ಒಳಗೆಲ್ಲ ಟೊಳ್ಳು, ನಾಲ್ಕು ಮಕ್ಕಳು ಬಚ್ಚಿಟ್ಟುಕೊಳ್ಳಬಹುದು, ಆದರೂ ನೆತ್ತಿಯಲ್ಲಿ ಹಸಿರು ಚಿಗುರು. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆಯನ್ನು ಕಾಯಿ ಕಚ್ಚಿಯೇ ಪರೀಕ್ಷಿಸಿದೆ. ಹಲ್ಲು ಜುಮ್ಮೆಂದಿತು. ನಡುವೆ ಪಾಳುಬಿದ್ದ ಚನ್ನಕೇಶವನ ಗುಡಿಯಿದೆ. ಕುರಿ ಮೇಯಿಸುತ್ತಿದ್ದ ಮುದುಕನನ್ನು ಹುಣಸೆ ಮರದ ದೆವ್ವದ ಬಗ್ಗೆ ಕೇಳಿದೆ. ‘ದೆವ್ವ ಯಾಕ್ ಬತ್ತದೆ, ಭೂಮಿ ಕೇಳ್ಕೊಂಡು ಬರೋರ್ಗೇ ನಾವು ಹೆದ್ರಿದ್ದು’ ಅಂದ.

ಅವನ ಮಾತಿಗೆ ಹಿನ್ನೆಲೆಯಿದೆ. ಏರೋಸ್ಪೇಸ್ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಕೈಹಾಕಿದಾಗ, ಹದಿಮೂರು ಹಳ್ಳಿಯ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಆ ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ಅದಕ್ಕೆ ಎರಡು ವಾರ ಮೊದಲಷ್ಟೇ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ದೇವನಹಳ್ಳಿಯಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತ್ತು. ಮುದುಕನಿಗೆ ಮೊದಲ ಸುದ್ದಿ ದಿನಾಂಕದ ಸಮೇತ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ.

ಭಾನುವಾರದ ನಸುಕಿಗೆ ನಂದಿಬೆಟ್ಟಕ್ಕೆ ಕಾರು ಓಡಿಸುವವರು ಇಳಿದು ಬರುವಾಗ ಅರ್ಧ ದಿನ ಈ ಕಡೆಗೂ ಇಡಿ. ಕೋಟೆಗೆ ಬೆಳಗ್ಗೆ, ತೋಪಿಗೆ ಮಧ್ಯಾಹ್ನ ಒಳ್ಳೆಯದು. ತೋಪಿನೊಳಗೆ ಅಂಗಡಿಯಿಲ್ಲ, ಕುಡಿಯುವ ನೀರು ಒಯ್ಯಿರಿ, ಖಾಲಿ ಬಾಟಲಿ ವಾಪಸು ತನ್ನಿ. ಮರದ ಮೇಲೆ ಹೆಸರು ಕೆತ್ತುವ ಚಾಕು ಮನೆಯಲ್ಲೇ ಇರಲಿ.