ರೊಟ್ಟಿ ಎರಡು ಸಾಕು, ಹಿಂಡಿ ಇನ್ನಷ್ಟು ಹಾಕಿಕೊ

ಗೊಬ್ಬೂರಿನ ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ತಲುಪಿತು. ರಕ್ತದಲ್ಲಿ ಸಕ್ಕರಿ ಏರಿದೆ, ರೊಟ್ಟಿ-ಅನ್ನ ಕಡಿಮೆ ಮಾಡಿ ಕಾಯಿಪಲ್ಯ ಹೆಚ್ಚು ತಿನ್ನು ಎಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿದ್ದೀ. ಕಾಯಿಪಲ್ಯವಂತೂ ನಿನಗೆ ಸಣ್ಣವನಿದ್ದಾಗಿನಿಂದ ಗಂಟಲಲ್ಲಿ ಇಳಿಯುವುದಿಲ್ಲ. ಬೆಂಡಿಕಾಯಿಯ ಲೋಳೆ ಕಂಡರೆ ಎದ್ದು ಹೋಗಬೇಕು ಅನ್ನಿಸುತ್ತದೆ, ಹಾಗಲಕಾಯಿ ಹೆಸರೇ ಬೇಡ. ರೊಟ್ಟಿಯೂ ಹೋಗಿ ಪಲ್ಯವೂ ಆಗದಿದ್ದರೆ ತಟ್ಟೆಯಲ್ಲಿ ಉಳಿಯುವುದೇನು ಅಕ್ಕಾ ಎಂದು ಕೇಳಿದ್ದೀ. ನಿನ್ನ ಅಫಜಲಪುರ ತಾಲೂಕಿನ ಅಡಿಗೆಮನೆಯನ್ನೇ ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ. ಬೇಕಾದ್ದರಲ್ಲಿ ಹೆಚ್ಚಿನದು ಅಲ್ಲೇ ಡಬ್ಬಿಗಳಲ್ಲಿ ಇದೆ.

ಪಿಷ್ಟ ಕಡಿಮೆ ಮಾಡುವುದು, ಕಾಯಿಪಲ್ಯ ತಿನ್ನುವುದು ಇವೆರಡೂ ಬೇರೆ ಬೇರೆ ಕೆಲಸ. ನಿನಗೆ ಹೇಳಿದವರು ಎರಡನ್ನೂ ಒಂದೇ ಗಂಟು ಹಾಕಿ ಕೊಟ್ಟಿದ್ದಾರೆ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರದ ವ್ಯಾಪಾರಿ ಇದ್ದ. ಬೊಜ್ಜಿನಿಂದ ಮೆಟ್ಟಿಲು ಇಳಿಯಲೂ ಕಷ್ಟಪಡುತ್ತಿದ್ದ ಅವನು, ವೈದ್ಯರೊಬ್ಬರ ಮಾತು ಕೇಳಿ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡಿ ಬಿಟ್ಟ. ಸುಮಾರು ಒಂದು ವರ್ಷದಲ್ಲಿ 20 ಕಿಲೋದಷ್ಟು ಇಳಿದ. 1863ರಲ್ಲಿ ಆ ಅನುಭವವನ್ನು ಜನರಿಗೆ ಬರೆದ ಪತ್ರದ ರೂಪದಲ್ಲೇ ಅಚ್ಚು ಹಾಕಿಸಿದ. ಆಲೂಗಡ್ಡಿಯಂಥವನ್ನು ಬಿಟ್ಟು ಉಳಿದ ಕಾಯಿಪಲ್ಯ ಅವನ ತಟ್ಟೆಯಲ್ಲಿ ಇರುತ್ತಿತ್ತು. ಆದರೆ ಹೊಟ್ಟೆ ತುಂಬಿಸಿದ್ದು ಮಾಂಸ ಮತ್ತು ಮೀನು, ತೂಕ ಇಳಿಸಿದ್ದು ಅವನು ಬಿಟ್ಟ ಪದಾರ್ಥಗಳು. ಆದ್ದರಿಂದ ಮೊದಲು ಏನನ್ನು ಎಷ್ಟು ಬಿಡಬೇಕು ಎಂಬುದನ್ನು ನೋಡೋಣ. ಪಲ್ಯದ ಜಗಳ ಆಮೇಲೆ ಇರಲಿ.

ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ: ಅನ್ನ ಬಿಟ್ಟು ಜ್ವಾಳದ ರೊಟ್ಟಿ ತಿಂದರೆ ಸಕ್ಕರಿ ಬ್ಯಾನಿ ಹತ್ತಿರ ಬರುವುದಿಲ್ಲ ಎಂದು. ಜ್ವಾಳ ಒಳ್ಳೆಯ ಕಾಳೇ. 100 ಗ್ರಾಂ ಹಿಟ್ಟಿನಲ್ಲಿ ಹತ್ತಿರ ಹತ್ತಿರ 10 ಗ್ರಾಂ ನಾರು, ಅಷ್ಟೇ ಪ್ರೋಟೀನ್ ಇದೆ. ಬಿಳಿ ಅಕ್ಕಿಗೆ ಆ ನಾರು ಇಲ್ಲ. ಆದರೆ ಅದೇ 100 ಗ್ರಾಂನಲ್ಲಿ ಪಿಷ್ಟ ಸುಮಾರು 68 ಗ್ರಾಂ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 34 ಗ್ರಾಂ ಆಯಿತು. ಒಂದು ಹೊತ್ತಿಗೆ ನಾಲ್ಕು ರೊಟ್ಟಿ ತಿಂದರೆ 136 ಗ್ರಾಂ, ಮೇಲೆ ಕಡೆಗೆ ಒಂದು ಹಿಡಿ ಅನ್ನ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ ನಿನ್ನ ಅಜ್ಜನ ಮೈ ಅದನ್ನು ಖರ್ಚು ಮಾಡುತ್ತಿತ್ತು. ನೀನು ಅಂಗಡಿಯ ಗಲ್ಲಾದ ಮುಂದೆ ಕುಳಿತಿರುತ್ತೀ, ತಮ್ಮಾ. ಊಟ ಮಾತ್ರ ಅಜ್ಜನದೇ ಉಳಿದಿದೆ.

ಅನ್ನ ಬಿಟ್ಟು ಜ್ವಾಳ ಹಿಡಿದರೆ ಸಾಲದು ಎಂಬುದು ನನ್ನ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದ ಇಂಡಿಯಾಬ್ ಸಮೀಕ್ಷೆ ದೇಶದ ಎಲ್ಲ ರಾಜ್ಯಗಳ ಊಟವನ್ನು ಅಳೆದಿದೆ. ನಮ್ಮ ಜನಕ್ಕೆ ಸಿಗುವ ಶಕ್ತಿಯಲ್ಲಿ ಸುಮಾರು 62 ಪ್ರತಿಶತ ಪಿಷ್ಟ-ಸಕ್ಕರೆಯಿಂದಲೇ ಬರುತ್ತದೆ ಎಂದು 2025ರಲ್ಲಿ ಅದು ಹೇಳಿತು. ಅದರಲ್ಲಿ ನಮಗೆ ನೇರವಾಗಿ ತಾಗುವ ಮಾತೊಂದು ಇದೆ: ಒಟ್ಟು ಪಿಷ್ಟವನ್ನು ಇಳಿಸದೆ ಬರೀ ಅಕ್ಕಿಯ ಜಾಗದಲ್ಲಿ ಇಡೀ ಗೋಧಿ ಅಥವಾ ಸಿರಿಧಾನ್ಯ ತಂದು ಇಟ್ಟರೆ ಸಕ್ಕರಿ ಬ್ಯಾನಿಯ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ. ಪಿಷ್ಟದ ಸ್ವಲ್ಪ ಭಾಗ ತೆಗೆದು ಅಲ್ಲಿ ಬ್ಯಾಳಿ-ಕಾಳು, ಹಾಲು-ಮೊಸರು, ತತ್ತಿ, ಮೀನಿನ ಪ್ರೋಟೀನ್ ಬಂದಾಗ ಕಡಿಮೆಯಾಯಿತು. ಇದೇ ಸಮೀಕ್ಷೆಯ 18,090 ಜನರ ಊಟವನ್ನು ಲೆಕ್ಕ ಹಾಕಿ 2022ರಲ್ಲಿ ಬಂದ ಬರಹವೊಂದು, ಹೊಸದಾಗಿ ಸಕ್ಕರಿ ಬ್ಯಾನಿ ಕಂಡವರು ಪಿಷ್ಟವನ್ನು ಒಟ್ಟು ಶಕ್ತಿಯ ಅರ್ಧದ ಆಸುಪಾಸಿಗೆ ಇಳಿಸಿ ಪ್ರೋಟೀನನ್ನು 20 ಪ್ರತಿಶತದ ಹತ್ತಿರ ತಂದರೆ ಬ್ಯಾನಿ ಹಿಮ್ಮೆಟ್ಟುವ ಸಾಧ್ಯತೆ ಇದೆ ಎಂದಿತು.

ಅರ್ಧ, ನೆನಪಿಡು. ದಿನಕ್ಕೆ 2000 ಕ್ಯಾಲೊರಿ ತಿನ್ನುವವನಿಗೆ ಅದು 250 ಗ್ರಾಂ ಪಿಷ್ಟ. ವೈದ್ಯರು ಕಡಿಮೆ ಪಿಷ್ಟದ ಊಟ ಎಂದು ಕರೆಯುವುದು ಸಾಮಾನ್ಯವಾಗಿ 130 ಗ್ರಾಂಗಿಂತ ಕೆಳಗೆ, ಕೀಟೋ ಎಂಬುದು 50ಕ್ಕಿಂತ ಕೆಳಗೆ. ಮೊಬೈಲಿನಲ್ಲಿ ನೋಡಿ ನಾಳೆಯಿಂದಲೇ ಕೀಟೋಗೆ ಜಿಗಿಯಬೇಡ. ಜ್ವಾಳ ಬೆಳೆಯುವ ಊರಿನಲ್ಲಿ, ಮದುವೆ-ಜಾತ್ರೆಗಳ ನಡುವೆ ಅದು ಬಾಳುವುದಿಲ್ಲ. ನಾಲ್ಕು ರೊಟ್ಟಿ ಎರಡಾಗಲಿ. ಅನ್ನ ಒಂದೇ ಹೊತ್ತು ಇರಲಿ. ಸಂಜೆಯ ಸುಸಲಾ-ಮಿರ್ಚಿ ವಾರಕ್ಕೊಮ್ಮೆ ಸಾಕು. ಚುರಮುರಿ ಹಗುರ ಎಂದು ಜನ ತಿಳಿಯುತ್ತಾರೆ, ಅದು ಉಬ್ಬಿದ ಅಕ್ಕಿಯೇ. ಚಹಾದ ಸಕ್ಕರಿಯನ್ನು ಮಾತ್ರ ಇಂದೇ ನಿಲ್ಲಿಸು.

ಇದಕ್ಕೂ ಮೊದಲು ಒಂದು ಕೆಲಸ ಮಾಡು. ನೀನು ನುಂಗುವ ಗುಳಿಗೆಗಳ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗು. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ರೊಟ್ಟಿ ಅರ್ಧ ಮಾಡಿ ಔಷಧ ಅಷ್ಟೇ ಇಟ್ಟುಕೊಂಡರೆ ಸಕ್ಕರಿ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಗುತ್ತದೆ, ಬೆವರುತ್ತದೆ, ತಲೆ ತಿರುಗುತ್ತದೆ, ಕೆಲವೊಮ್ಮೆ ಎಚ್ಚರ ತಪ್ಪುತ್ತದೆ. ಡಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆ ಇದ್ದವರು ಪಿಷ್ಟವನ್ನು ತೀರಾ ಇಳಿಸಿದರೆ ಬೇರೆ ರೀತಿಯ ಗಂಡಾಂತರ ಇದೆ. ಕಿಡ್ನಿ ಸೋತವರಿಗೆ ಪ್ರೋಟೀನಿನ ಲೆಕ್ಕ ಬೇರೆಯೇ. ಔಷಧ ಎಷ್ಟು ಇಳಿಸಬೇಕೆಂಬುದನ್ನು ಅವರೇ ಹೇಳಬೇಕು, ನಾನಲ್ಲ.

ಈಗ ತಟ್ಟೆಗೆ ಬರೋಣ. ಎರಡು ರೊಟ್ಟಿ ತೆಗೆದ ಜಾಗದಲ್ಲಿ ಏನು ಬರಬೇಕು? ಹಿಂಡಿ, ತಮ್ಮಾ. ಸಂಶಯವೇ ಇಲ್ಲ.

ಬೆಂಗಳೂರಿನ ಪುಸ್ತಕಗಳು ಹಿಂಡಿಯನ್ನು ಚಟ್ನಿಪುಡಿ ಎಂದು ಬರೆದು ಮೂಲೆಗೆ ಒಂದು ಚಮಚ ಬಡಿಸುತ್ತವೆ. ನಮ್ಮ ಕಡೆ ಅದಕ್ಕೆ ಊಟದಲ್ಲಿ ಪಾಲು ಇದೆ, ಆ ಪಾಲನ್ನು ಇನ್ನೂ ಬೆಳೆಸಬಹುದು. ಹುರಿದ ಶೇಂಗಾದ 100 ಗ್ರಾಂನಲ್ಲಿ 24 ಗ್ರಾಂನಷ್ಟು ಪ್ರೋಟೀನ್, 40 ಗ್ರಾಂ ದಾಟಿ ಕೊಬ್ಬು ಇದೆ, ಪಿಷ್ಟ ಬಹಳ ಸ್ವಲ್ಪ. ಅಗಸಿಯಲ್ಲಿ ನಾಲ್ಕನೇ ಒಂದು ಭಾಗ ನಾರೇ. ಕರೀ ಗುರೆಳ್ಳಿನಲ್ಲೂ ಎಳ್ಳಿನಲ್ಲೂ ಪ್ರೋಟೀನ್ 20ರ ಆಸುಪಾಸು. ಪಲ್ಯ ಒಲ್ಲದವನಿಗೆ ಮೊದಲು ಕೊರತೆ ಬೀಳುವುದು ನಾರು, ಮಲಬದ್ಧತೆ ಅಲ್ಲಿಂದಲೇ ಶುರು. ದಿನಕ್ಕೆ 30 ಗ್ರಾಂ ನಾರು ಬೇಕೆನ್ನುತ್ತಾರೆ. ಎರಡು ದೊಡ್ಡ ಚಮಚ ಅಗಸಿ ಹಿಂಡಿ ಅದರಲ್ಲಿ ಸುಮಾರು ನಾಲ್ಕು ಗ್ರಾಂ ತಂದುಕೊಡುತ್ತದೆ. ಅಗಸಿಯನ್ನು ಇಡಿಯಾಗಿ ತಿಂದರೆ ಹೆಚ್ಚು ಪ್ರಯೋಜನವಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಚಟಪಟ ಸಿಡಿಯುವ ತನಕ ಹುರಿದು, ಬಳ್ಳೊಳ್ಳಿ, ಒಣ ಖಾರ, ಜೀರಗಿ, ಉಪ್ಪು ಹಾಕಿ ಕುಟ್ಟಬೇಕು. ಆ ನಾರು ಹೊಟ್ಟೆಯಲ್ಲಿ ನೀರು ಕೇಳುತ್ತದೆ, ನೀರು ಹೆಚ್ಚು ಕುಡಿ.

ಗಟ್ಟಿ ಮೊಸರು ಒಂದು ಬಟ್ಟಲು ತುಂಬ ಹಾಕಿಕೊ. ಅದರ ಮೇಲೆ ಶೇಂಗಾ ಹಿಂಡಿ ಧಾರಾಳವಾಗಿ, ಅಗಸಿ ಹಿಂಡಿ ಎರಡು ಚಮಚ. ಇದನ್ನು ರೊಟ್ಟಿಗೆ ಹಚ್ಚಿಕೊಳ್ಳಲು ಇಟ್ಟಿದ್ದು ಎಂದು ತಿಳಿಯದೆ ಊಟದ ಮುಖ್ಯ ಪದಾರ್ಥ ಎಂದೇ ತಿನ್ನು. ಹಿಂಡಿಗೆ ಪುಟಾಣಿ ಬೆರೆಸುವ ರೂಢಿ ನಿಮ್ಮ ಮನೆಯಲ್ಲಿ ಇದ್ದರೆ ಬಿಡಿಸು, ಉಪ್ಪನ್ನೂ ಸ್ವಲ್ಪ ತಗ್ಗಿಸು, ಯಾಕೆಂದರೆ ಈಗ ನೀನು ಮೊದಲಿಗಿಂತ ಮೂರು ಪಟ್ಟು ಹಿಂಡಿ ತಿನ್ನುತ್ತೀ. ಶೇಂಗಾದಲ್ಲಿ ಕೊಬ್ಬು ಹೆಚ್ಚಾದ್ದರಿಂದ ಕ್ಯಾಲೊರಿಯೂ ಹೆಚ್ಚು. ಊಟದಲ್ಲಿ ತಿಂದು ಮತ್ತೆ ಸಂಜೆ ಮುಷ್ಟಿಗಟ್ಟಲೆ ತಿನ್ನುತ್ತ ಕೂತರೆ ತೂಕ ಇಳಿಯದು.

ಬ್ಯಾಳಿಯ ವಿಷಯ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ನಿಮ್ಮ ಹೊಲದ ಬೆಳೆಯೇ ಅದು. ತೊಗರಿ ಬ್ಯಾಳಿಯಲ್ಲಿ 100ಕ್ಕೆ 22 ಗ್ರಾಂ ಪ್ರೋಟೀನ್ ಇದೆ, ಅರ್ಧದಷ್ಟು ಪಿಷ್ಟವೂ ಇದೆ. ಹಾಗಾಗಿ ರೊಟ್ಟಿಯ ಸಂಗಡ ಬ್ಯಾಳಿಯನ್ನೂ ಏರಿಸುತ್ತ ಹೋಗಬಾರದು, ರೊಟ್ಟಿ ಇಳಿಸಿದಷ್ಟು ಬ್ಯಾಳಿ ಏರಬಹುದು. ನೀರು ಬ್ಯಾಳಿ ಬೇಡ, ಗಟ್ಟಿಯಾಗಿ ಮಾಡಿಸಿಕೊ. ಝುಣಕಕ್ಕೂ ಇದೇ ಲೆಕ್ಕ.

ಮನೆಯೊಳಗೆ ತತ್ತಿ ಬರುವಂತಿಲ್ಲ, ಅವ್ವ ಒಪ್ಪುವುದಿಲ್ಲ, ಹೊರಗೆ ತಿನ್ನುತ್ತೇನೆ ಎಂದಿದ್ದೀ. ಅವ್ವನ ಮನಸ್ಸು ನೋಯಿಸಬೇಡ. ಸಂಜೆ ಗಾಡಿಯ ಹತ್ತಿರ ನಿಂತು ಆಮ್ಲೆಟ್-ಪಾವ್ ಬದಲು ಕುದಿಸಿದ ಎರಡು ತತ್ತಿ ತಿಂದು ಬಾ. ಎರಡಕ್ಕೆ ಸುಮಾರು 12 ಗ್ರಾಂ ಪ್ರೋಟೀನ್ ಇದೆ, ಪಿಷ್ಟ ಇಲ್ಲವೆಂದೇ ಹೇಳಬಹುದು. 2021ರ ಡಿಸೆಂಬರಿನಲ್ಲಿ ಸರಕಾರ ಶಾಲೆಯ ಬಿಸಿಯೂಟದಲ್ಲಿ ತತ್ತಿ ಕೊಡಲು ಶುರು ಮಾಡಿದಾಗ ಮೊದಲು ಆರಿಸಿದ್ದು ಕಲಬುರಗಿ, ಯಾದಗಿರಿ, ಬೀದರ, ರಾಯಚೂರು ಸೇರಿದ ನಮ್ಮ ಭಾಗದ ಜಿಲ್ಲೆಗಳನ್ನೇ. ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿತ್ತು. ತತ್ತಿ ಬೇಡ ಎಂದ ಮಕ್ಕಳಿಗೆ ಬಾಳೆಹಣ್ಣು. ಬೆಳೆಯುವ ಮಗುವಿಗೆ ಬಾಳೆಹಣ್ಣು ಚೆಂದವೇ, ನಿನ್ನಂಥವನಿಗೆ ಮಾತ್ರ ಒಂದು ಹಣ್ಣಿನ ಪಿಷ್ಟ-ಸಕ್ಕರೆ ಮುಕ್ಕಾಲು ರೊಟ್ಟಿಗೆ ಸಮ ಎಂದು ನೆನಪಿರಲಿ. ಭೀಮಾ ಹೊಳೆಯ ಮೀನು ಸಿಕ್ಕ ದಿನ ಮೀನು ತಿನ್ನು. ಮಟನ್ ಅಪರೂಪಕ್ಕೆ ಇರಲಿ, ಜೊತೆಗೆ ತಹರಿ ಅನ್ನ ತುಂಬಿಕೊಳ್ಳಬೇಡ. ತತ್ತಿ ಸಿಗದ ದಿನಕ್ಕೆ ಪನೀರ್ ಇದೆ.

ಇನ್ನು ಆ ಕಾಯಿಪಲ್ಯ. ಬಾಲ್ಯದಿಂದ ಎಲ್ಲರೂ ನಿನ್ನನ್ನು ಹಟಮಾರಿ ಎಂದೇ ಬೈದಿದ್ದಾರೆ. ನಾನು ಬೈಯುವುದಿಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಕೈಯಿಂದ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ಬಾಯಿ ಕಹಿಯಾಯಿತು ಎಂದ, ಫಾಕ್ಸ್‌ಗೆ ಏನೂ ರುಚಿಸಲಿಲ್ಲ. ಕಹಿ ಕಾಣುವ ಶಕ್ತಿ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಥರ ಎಂದು ಅಲ್ಲಿಂದ ತಿಳಿಯುತ್ತ ಹೋಯಿತು. ಕೋಸು, ಹೂಕೋಸಿನಂಥವು ಕೆಲವರ ನಾಲಿಗೆಗೆ ನಿಜಕ್ಕೂ ಕಹಿ. ಪಕ್ಕದವನು ಚಪ್ಪರಿಸುವ ಪಲ್ಯ ನಿನಗೆ ಔಷಧದಂತೆ ಕಂಡರೆ ಅದರಲ್ಲಿ ನಿನ್ನ ತಪ್ಪಿಲ್ಲ.

ಆದರೂ ಒಂದು ಪ್ರಶ್ನೆ ಕೇಳುತ್ತೇನೆ. ನಿನಗೆ ಬೇಡವಾದದ್ದು ಯಾವುದು: ಕಹಿಯೋ, ಲೋಳೆಯೋ, ಬೆಂದು ಮೆತ್ತಗಾದ ವಾಸನೆಯೋ? ಪತ್ರ ಓದಿದರೆ ಮೆತ್ತಗಾದದ್ದೇ ಹೆಚ್ಚು ಕಾಡುತ್ತದೆ ಎಂದು ತೋರುತ್ತದೆ. ಊಟದ ಸಂಗಡ ಹಸಿ ಉಳ್ಳಾಗಡ್ಡಿ ಗುದ್ದಿ ತಿನ್ನುತ್ತೀಯಲ್ಲ, ಎಳೇ ಸವತಿಕಾಯಿಗೆ ಉಪ್ಪು-ಖಾರ ಹಚ್ಚಿ ಕೊಟ್ಟರೆ ಬೇಡ ಅನ್ನುವುದಿಲ್ಲವಲ್ಲ. ಹಾಗಾದರೆ ನಿನಗೆ ಎಲ್ಲ ಕಾಯಿಪಲ್ಯವೂ ಆಗದು ಅನ್ನುವಂತಿಲ್ಲ. ರೊಟ್ಟಿಯ ಸಂಗಡ ಹಸಿ ಮೂಲಂಗಿ, ಗಜ್ಜರಿ, ಹಸಿ ಮೆಂತ್ಯೆ ತಪ್ಪಲು ಇಡುವುದು ನಮ್ಮ ಊಟದ ಪದ್ಧತಿಯೇ. ಗರಿಗರಿ ಇರುವುದನ್ನು ತಿನ್ನು, ಬೇಯಿಸಿದ್ದನ್ನು ಸದ್ಯಕ್ಕೆ ಬಿಡು.

ಎಳ್ಳ ಅಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ ಕುಳಿತಾಗ ಭಜ್ಜಿ ತಿನ್ನುತ್ತೀಯಾ? ತಿನ್ನುವುದಾದರೆ ಆ ಒಂದು ಬಟ್ಟಲಿನಲ್ಲಿ ಮೆಂತ್ಯೆ, ಪಾಲಕ, ಗಜ್ಜರಿ, ಹಸಿ ಕಡ್ಲಿ, ಹಸಿ ತೊಗರಿ ಎಲ್ಲ ಕೂಡಿ ಕುದ್ದಿವೆ, ಒಂದರ ಗುರುತೂ ಸಿಗುವುದಿಲ್ಲ. ಕಾಯಿಪಲ್ಯ ಒಲ್ಲದವರಿಗೆ ಇದಕ್ಕಿಂತ ಒಳ್ಳೆಯ ಅಡಿಗೆಯನ್ನು ನಾನು ಕಂಡಿಲ್ಲ. ವರ್ಷಕ್ಕೆ ಒಂದೇ ದಿನ ಯಾಕೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಮಾಡಲು ಮನೆಯಲ್ಲಿ ಕೇಳಿಕೊ. ಪುಂಡಿ ತಪ್ಪಲನ್ನು ಬ್ಯಾಳಿಯಲ್ಲಿ ಕಡೆದರೆ ಹುಳಿ ಉಳಿಯುತ್ತದೆ, ಎಲೆ ಕಾಣುವುದಿಲ್ಲ. ಬದನಿಕಾಯಿ ಎಣ್ಣಿಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು ತುಂಬಿದ ಮಸಾಲಿಯೇ ರುಚಿ. ಮಸಾಲಿಯಿಂದ ಶುರು ಮಾಡು, ಕಾಯಿಯನ್ನು ಬದಿಗೆ ತಳ್ಳಿದರೂ ಯಾರೂ ಬೈಯಬಾರದು ಎಂದು ನಾನು ಹೇಳಿದ್ದೇನೆ ಅನ್ನು. ಬೆಂಡಿಕಾಯಿಯನ್ನು ತೊಳೆದು ಒಣಗಿಸಿ, ಸಣ್ಣಗೆ ಹೆಚ್ಚಿ, ನೀರು ಸೋಕಿಸದೆ, ಮುಚ್ಚದೆ, ದೊಡ್ಡ ಉರಿಯಲ್ಲಿ ಹುರಿದರೆ ಲೋಳೆ ಹೋಗುತ್ತದೆ. ಅಷ್ಟಾದರೂ ಬೇಡ ಅನ್ನಿಸಿದರೆ ಬೆಂಡಿಕಾಯಿಯನ್ನು ಈ ಜನ್ಮಕ್ಕೆ ಬಿಟ್ಟುಬಿಡು.

ಹಾಗೆಂದು ಪೂರ್ತಿ ಬಿಡಲು ನಾನು ಒಪ್ಪುವುದಿಲ್ಲ. ಶೇಂಗಾ, ತತ್ತಿ, ಮೊಸರಿನಲ್ಲಿ ಸಿ ಜೀವಸತ್ವ ಸಿಗುವುದಿಲ್ಲ. ದಿನಕ್ಕೊಂದು ನಿಂಬೆಹಣ್ಣು ಬ್ಯಾಳಿಯ ಮೇಲೆ ಹಿಂಡಿಕೊ, ಹಸಿ ಮೆಣಸಿನಕಾಯಿ ಕಡಿ, ಚಳಿಗಾಲದಲ್ಲಿ ನೆಲ್ಲಿಕಾಯಿ, ಸಿಕ್ಕಾಗ ಅರ್ಧ ಪೇರಲ ತಿನ್ನು. ಪೇರಲದಲ್ಲಿ ನಿಂಬೆಗಿಂತ ಬಹಳ ಹೆಚ್ಚು ಸಿ ಇದೆ. ಸುಗ್ಗಿಯಲ್ಲಿ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ, ಸುಟ್ಟ ಹಸಿ ಕಡ್ಲಿ ಬಂದಾಗ ಸುಸಲಾದ ಬದಲು ಅವೇ ಸಂಜೆಯ ತಿಂಡಿಯಾಗಲಿ. ಹಸಿರು ಅವೂ ಹೌದು, ಅವನ್ನು ಬೇಡ ಅಂದವರನ್ನು ನಮ್ಮ ಸೀಮೆಯಲ್ಲಿ ನಾನು ನೋಡಿಲ್ಲ.

ಈಗ ನೀನು ಮಾಡಬೇಕಾದ ಒಂದು ಕೆಲಸ. ನನ್ನ ಲೆಕ್ಕವೆಲ್ಲ ರೊಟ್ಟಿಗೆ 50 ಗ್ರಾಂ ಹಿಟ್ಟು ಎಂಬ ಊಹೆಯ ಮೇಲೆ ನಿಂತಿದೆ. ನಿಮ್ಮ ಅವ್ವ ಬಡಿಯುವ ರೊಟ್ಟಿ ಅಗಲವಾಗಿ ದಪ್ಪಗಿದ್ದರೆ 70 ಗ್ರಾಂ ಆಗಬಹುದು, ಕಟಕ ರೊಟ್ಟಿಯಾದರೆ ಅದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯ ತಕ್ಕಡಿಯನ್ನು ಒಂದು ದಿನ ಅಡಿಗೆಮನೆಗೆ ಒಯ್ದು ಒಂದು ರೊಟ್ಟಿಗೆ ಬೀಳುವ ಹಿಟ್ಟನ್ನು ತೂಗಿ ಬರೆ. ಊಟವಾದ ಎರಡು ತಾಸಿಗೆ ಸಕ್ಕರಿ ಎಷ್ಟಿತ್ತು ಎಂಬುದನ್ನೂ, ಆ ಹೊತ್ತು ಏನು ತಿಂದೆ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆ. ಅದು ಕೈಗೆ ಬಂದ ಮೇಲೆ ರೊಟ್ಟಿ ಎರಡೇ ಸಾಕೋ, ಒಂದೂವರೆಗೆ ಇಳಿಸಬೇಕೋ ಎಂಬುದನ್ನು ನಿನ್ನ ಡಾಕ್ಟರ ಮುಂದೆ ಇಟ್ಟು ಕೇಳೋಣ. ಅವ್ವನಿಗೆ ನನ್ನ ಶರಣು ಹೇಳು, ಅವರು ಗುರೆಳ್ಳು ಹಿಂಡಿಗೆ ಏನೇನು ಹಾಕುತ್ತಾರೆ ಎಂಬುದನ್ನು ಕೇಳಿ ಮುಂದಿನ ಪತ್ರದಲ್ಲಿ ಬರೆಯಲು ಮರೆಯಬೇಡ.

ನಿನ್ನ,
ಅಕ್ಕ